ಹಲ್ಲಿನ ಡಾಕ್ಟರ ಸೀಗಡಿಗಳು

ಆಯಾ ಮೂರನೇ ಮಹಡಿಗೆ ಹತ್ತಿ ಬಂದಾಗ ಅವಳ ಉಸಿರು ಇನ್ನೂ ಎರಡು ಮೆಟ್ಟಿಲು ಕೆಳಗೇ ಇತ್ತು. ಕೈಯಲ್ಲಿ ನೆಲಮಹಡಿಯ ಹಲ್ಲಿನ ಆಸ್ಪತ್ರೆಯ ಬೀಗದಕೈ.

"ಸಂಜೆ ಇದನ್ನ ಕೊಟ್ಟು ಹೊರಡು ಅಂದಿದಾರೆ ಡಾಕ್ಟ್ರು. ಹನ್ನೊಂದು ವರ್ಷ ನೆಲ ಒರೆಸಿದೀನಿ, ಸಿಸ್ಟರಕ್ಕ. ಈಗ ಸೀಗಡಿ ಕೊಂದೋಳು ಅನ್ನಿಸ್ಕೊಂಡು ಹೋಗ್ಬೇಕಂತೆ. ಈ ವಯಸ್ಸಿಗೆ ನನ್ನ ಇನ್ಯಾರು ಕೆಲಸಕ್ಕೆ ಇಟ್ಕೋತಾರೆ?"

ಸಿಸ್ಟರಕ್ಕ ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ನಡೆದು ಮಂಡಿ ಸವೆಸಿಕೊಂಡ ನರ್ಸು. ಕಟ್ಟಡದಲ್ಲಿ ಯಾರ ಚಪ್ಪಲಿ ಕಳೆದರೂ, ಯಾರ ಮನೆಯ ಮಾತು ಕೆಟ್ಟರೂ ಜನ ತಟ್ಟುತ್ತಿದ್ದುದು ಅವಳ ಬಾಗಿಲನ್ನೇ. ಜೊತೆಗಿದ್ದ ತಂಗಿ ಬಟ್ಟೆ ಹೊಲಿದು ಕಣ್ಣು ಸವೆಸಿಕೊಂಡವಳು. ಆ ಮನೆಯಲ್ಲಿ ಸವೆಯದೆ ಉಳಿದದ್ದು ಅಕ್ಕನ ಬುದ್ಧಿಯೊಂದೇ ಎಂದು ತಂಗಿ ನಂಬಿದ್ದಳು.

"ಮತ್ತೆ ಮೆಟ್ಟಿಲು ಇಳೀಬೇಕೇನೇ?" ಅಂದಳು ತಂಗಿ.

"ಇಳಿಯೋದು ಸುಲಭ. ಹತ್ತೋದನ್ನ ಆಮೇಲೆ ನೋಡ್ಕೊಳ್ಳೋಣ," ಎಂದು ಅಕ್ಕ ಕೋಲು ಹಿಡಿದಳು.

ಊಟದ ಬಿಡುವಿನಲ್ಲಿ ಆಸ್ಪತ್ರೆ ಖಾಲಿಯಿತ್ತು. ಕಾಯುವ ಕೋಣೆಯ ಮೂಲೆಯಲ್ಲಿ ಗಾಜಿನ ತೊಟ್ಟಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಡಾಕ್ಟರು. ಮುಖ ನೋಡಿದರೆ ಅವರ ಹಲ್ಲನ್ನೇ ಯಾರೋ ಕಿತ್ತಂತಿತ್ತು.

"ಎರಡು ತಿಂಗಳ ಹಿಂದೆ ನಲವತ್ತಿದ್ವು, ಸಿಸ್ಟರಕ್ಕ. ಇಪ್ಪತ್ತೊಂಬತ್ತು ಸತ್ವು. ಐದು ಉಳಿದಿವೆ. ಆರು ಎಲ್ಲಿ ಹೋದ್ವೋ ಗೊತ್ತಿಲ್ಲ. ದಿನವಿಡೀ ನನ್ನ ನೋಡಿ ಹೆದರದೆ ಇರೋ ಜೀವ ಅಂದ್ರೆ ಇವೇ ಆಗಿದ್ವು."

ತಂಗಿ ಕನ್ನಡಕ ಏರಿಸಿ ಬಗ್ಗಿದಳು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಕೆಂಪು ಸೀಗಡಿಯೊಂದು ಪಾಚಿಯ ಮೇಲೆ ಸುಸ್ತಾಗಿ ಕೂತಿತ್ತು. ತಳದಲ್ಲಿ ನಾಲ್ಕೈದು ಬಸವನಹುಳುಗಳ ಬರಿದಾದ ಚಿಪ್ಪುಗಳು. ಸಣ್ಣ ಮೀನುಗಳು ಮಾತ್ರ ಮದುವೆಮನೆಯ ಮಕ್ಕಳಂತೆ ಓಡಾಡುತ್ತಿದ್ದವು.

"ಯಾವಾಗ ಸಾಯ್ತವೆ?"

"ಮಂಗಳವಾರ ಬೆಳಿಗ್ಗೆ ಬಂದ್ರೆ ಸತ್ತಿರ್ತವೆ. ಸೋಮವಾರ ನಾನೇ ಕೈಯಾರೆ ಹೊಸ ನೀರು ಹಾಕಿರ್ತೀನಿ. ಸಾವು ಹೆಚ್ಚಾದಷ್ಟೂ ಜಾಸ್ತಿ ನೀರು ಬದಲಾಯಿಸ್ತಿದೀನಿ. ಆದ್ರೂ ಹೀಗೆ. ಇವಳ ಫಿನಾಯಿಲ್ ಕೈ, ಇನ್ನೇನು?"

ಬಾಗಿಲಲ್ಲಿ ನಿಂತಿದ್ದ ನಡುವಯಸ್ಸಿನ ಕಾಂಪೌಂಡರ್ ಗಂಟಲು ಸರಿಮಾಡಿಕೊಂಡ. "ನಾನೇ ಕಣ್ಣಾರೆ ನೋಡಿದೀನಿ. ಮೂರು ವಾರದ ಹಿಂದೆ ಸೆರಗು ಸಿಕ್ಕಿಸಿ ಮೊಣಕೈವರೆಗೂ ತೊಟ್ಟಿಯೊಳಗೆ ಕೈ ಹಾಕಿದ್ಲು."

"ಅಯ್ಯೋ, ಕಣ್ಣಾರೆ ನೋಡೋದೇ ಇವನ ಕೆಲಸ. ಕೈಯಾರೆ ಮಾಡೋದು ಒಂದೂ ಇಲ್ಲ," ಎಂದು ಆಯಾ ಗೊಣಗಿದಳು. ಆದರೆ ಹಾಕಿಲ್ಲ ಎನ್ನಲಿಲ್ಲ.

ಅಕ್ಕ ಕೈ ತೊಳೆಯುವ ತೊಟ್ಟಿಯ ಬಳಿ ನಿಂತಳು. ಎರಡು ನಲ್ಲಿ. ಎಡಗಡೆಯದರ ಕೆಳಗೆ ಬಿಳಿ ಪಿಂಗಾಣಿಯ ಮೇಲೆ ನವಿಲುಬಣ್ಣದ ಕಲೆ.

"ಉಜ್ಜಿ ಉಜ್ಜಿ ಕೈ ನೋವು ಬಂತು, ಹೋಗಲ್ಲ," ಅಂದಳು ಆಯಾ.

"ಎಡಗಡೇದು ಬಿಸಿನೀರು," ಎಂದ ಕಾಂಪೌಂಡರ್. "ಎರಡು ತಿಂಗಳಾಯ್ತು ಗೀಸರ್ ಹಾಕಿಸಿ. ಈ ಚಳೀಲಿ ಕೈ ತೊಳೆಯೋದೇ ಒಂದು ಸುಖ."

ಅಕ್ಕ ಕುಡಿಯಲು ನೀರು ಕೇಳಿದಳು. ಡಾಕ್ಟರು ಕೆಟಲ್‌ನಿಂದ ಲೋಟಕ್ಕೆ ಬಿಸಿನೀರು ಬೆರೆಸಿ ತಂದರು. "ಉಗುರು ಬೆಚ್ಚಗಿದೆ. ತಣ್ಣೀರು ಹಲ್ಲಿಗೆ ಜುಮ್ ಅನ್ನುತ್ತೆ. ಇಲ್ಲಿ ಯಾರಿಗೂ ತಣ್ಣೀರು ಕೊಡಲ್ಲ ನಾನು."

"ಒಳ್ಳೇ ಅಭ್ಯಾಸ," ಎಂದು ಅಕ್ಕ ನಿಧಾನವಾಗಿ ಕುಡಿದಳು. ಹೊರಡುವಾಗ ಆಯಾಳ ಕಿವಿಯಲ್ಲಿ ಏನೋ ಹೇಳಿದಳು. ಆಯಾಳ ಮುಖ ಬಿಳುಚಿಕೊಂಡಿತು. ತಂಗಿಗೆ ಆ ಮಾತು ಕೇಳಿಸಲಿಲ್ಲ.

ಸಂಜೆ ಕೊನೆಯ ರೋಗಿ ಹೋದ ಮೇಲೆ ಎಲ್ಲರೂ ಕಾಯುವ ಕೋಣೆಯಲ್ಲಿ ಸೇರಿದರು. ಆಯಾಳ ಮಡಿಲಲ್ಲಿ ಬಟ್ಟೆ ಮುಚ್ಚಿದ ಗಾಜಿನ ಜಾಡಿ, ಅದರ ಪಕ್ಕದಲ್ಲಿ ಬೀಗದಕೈ.

"ಫಿನಾಯಿಲ್ ಮಾತು ಮೊದಲು ಮುಗಿಸೋಣ," ಅಂದಳು ಅಕ್ಕ. "ಇವಳು ನೆಲ ಒರೆಸೋದು ದಿನಾ. ಸಾವು ವಾರಕ್ಕೊಂದು ಸಲ. ಅದೂ ಮೀನು ಬಿಟ್ಟು ಸೀಗಡಿ, ಬಸವನಹುಳು ಮಾತ್ರ. ನಮ್ಮ ಆಸ್ಪತ್ರೆ ಕೊಳದಲ್ಲಿ ಬಸವನಹುಳು ತುಂಬಿಕೊಂಡಾಗ ಮಾಲಿ ಚೂರೇ ಚೂರು ಮೈಲುತುತ್ತ, ಆ ನೀಲಿ ತಾಮ್ರದ ಪುಡಿ, ಹಾಕ್ತಿದ್ದ. ಹುಳು ಸಾಯೋವು, ಮೀನು ಉಳಿಯೋವು. ಅದೇ ಬಣ್ಣದ ಕಲೆ ಅಲ್ಲಿ ನಲ್ಲಿ ಕೆಳಗಿದೆ. ತಾಮ್ರ."

"ಗೀಸರ್ ಪೈಪು ತಾಮ್ರದ್ದು," ಎಂದ ಕಾಂಪೌಂಡರ್.

"ಭಾನುವಾರ ರಜೆ. ಬಿಸಿನೀರು ಹೊಸ ಪೈಪಿನಲ್ಲಿ ಶನಿವಾರ ಸಂಜೆಯಿಂದ ನಿಂತಿರುತ್ತೆ. ನಮಗೆ ನಿಮಗೆ ಅದರಿಂದ ಏನೂ ಆಗಲ್ಲ, ಸೀಗಡಿಗೆ ಅದೇ ವಿಷ. ಸೋಮವಾರದ ಮೊದಲ ಬಕೆಟ್ ನೀರು ಎಲ್ಲಿಗೆ ಹೋಗುತ್ತೆ, ಡಾಕ್ಟ್ರೇ?"

ಡಾಕ್ಟರು ಎಡಗಡೆಯ ನಲ್ಲಿಯತ್ತ ತಿರುಗಿ ನೋಡಿದರು.

"ಚಳಿಗೆ ನಡುಗ್ತಾವೆ ಅಂತ..." ಅವರ ಸ್ವರ ಇಳಿಯಿತು. "ಮೊದಲು ಕೆಟಲ್‌ನಲ್ಲಿ ಕಾಯಿಸಿ ಬೆರೆಸ್ತಿದ್ದೆ. ಗೀಸರ್ ಬಂದ ಮೇಲೆ ನೇರವಾಗಿ... ಸತ್ತಷ್ಟೂ ಇನ್ನೂ ಒಂದು ಬಕೆಟ್ ಹಾಕ್ದೆ."

"ಲೋಟ ಕೈಗೆ ಬಂದಾಗಲೇ ನನಗೆ ಗೊತ್ತಾಯ್ತು. ಮನುಷ್ಯರಿಗೇ ತಣ್ಣೀರು ಕೊಡದ ನೀವು ಇವಕ್ಕೆ ಕೊಡ್ತೀರಾ? ಪ್ರೀತಿಗೆ ಕಣ್ಣಿಲ್ಲ, ಡಾಕ್ಟ್ರೇ. ಅದು ತಪ್ಪಲ್ಲ. ಆದ್ರೆ ಬೆರಳು ಬೇರೆಯವರ ಕಡೆ ತೋರಿಸಿದ್ದು ತಪ್ಪು."

"ಹಾಗಾದ್ರೆ ಇವಳು ಕೈ ಹಾಕಿದ್ದು?" ಕಾಂಪೌಂಡರ್ ಬಿಡಲಿಲ್ಲ.

"ವಿಷ ಹಾಕೋರು ಮೇಲಿಂದ ಸುರಿದು ಹೋಗ್ತಾರಪ್ಪ. ಮೊಣಕೈವರೆಗೆ ಕೈ ಇಳಿಸೋರು ಏನನ್ನೋ ಹಿಡೀತಿರ್ತಾರೆ. ಆರು ಸೀಗಡಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ ಅಲ್ವಾ? ತೆಗಿಯೇ ಬಟ್ಟೆನ."

ಆಯಾ ಬಟ್ಟೆ ತೆಗೆದಳು. ಜಾಡಿಯಲ್ಲಿ ಒಂದು ಹಿಡಿ ಪಾಚಿ, ಅದರ ಮೇಲೆ ಆರು ಸೀಗಡಿಗಳು ಪುಟ್ಟ ಕೈಗಳಿಂದ ಅವಸರವಾಗಿ ಮೇಯುತ್ತಿದ್ದವು. ತಂಗಿಗೆ ಕಣ್ಣು ಮಸುಕಾದರೂ ಒಂದರ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಕಂಡವು.

"ಇಲ್ಲಿದ್ರೆ ಸಾಯ್ತಾವಲ್ಲ ಅಂತ ಮನೆಗೆ ತಗೊಂಡು ಹೋದೆ," ಎಂದಳು ಆಯಾ, ಜಾಡಿಯನ್ನೇ ನೋಡುತ್ತ. "ಹೇಳಿದ್ರೆ ಕಳ್ಳಿ ಅಂತಿದ್ರಿ. ಹೇಳದಿದ್ದಕ್ಕೆ ಕೊಲೆಗಾರ್ತಿ ಆದೆ."

"ಯಾವ ನೀರು ಹಾಕ್ದೆ?" ಡಾಕ್ಟರು ಮೆಲ್ಲಗೆ ಕೇಳಿದರು.

"ತಣ್ಣೀರು. ಒಂದು ದಿನ ಪಾತ್ರೇಲಿ ತೆಗೆದಿಟ್ಟು, ಸಂಜೆಗೆ ಒಂದೊಂದು ಲೋಟ. ಹೆಚ್ಚು ಹಾಕೋಕೆ ನನ್ನ ಹತ್ರ ಜಾಗ ಎಲ್ಲಿದೆ?"

ಡಾಕ್ಟರು ಎದ್ದು ಬಂದು, ದಿನವೂ ರೋಗಿಗಳ ಮುಂದೆ ಬಗ್ಗುವಂತೆಯೇ ಅವಳ ಮುಂದೆ ಬಗ್ಗಿದರು. "ನನ್ನಿಂದ ತಪ್ಪಾಯ್ತು. ಬೀಗದಕೈ ನಿನ್ನ ಹತ್ರಾನೇ ಇರ್ಲಿ."

ಹನ್ನೊಂದು ವರ್ಷದ ದಣಿವೆಲ್ಲ ಆಯಾಳ ಹೆಗಲ ಮೇಲೆ ಕೂತಂತಿತ್ತು. ಆಮೇಲೆ ಬೀಗದಕೈ ಸೆರಗಿಗೆ ಗಂಟು ಹಾಕಿಕೊಂಡು ಎದ್ದಳು.

"ನಾಳೆ ಬರ್ತೀನಿ. ಆದ್ರೆ ಜಾಡಿ ಇವತ್ತು ಬಿಟ್ಟು ಹೋಗಲ್ಲ. ಆ ತೊಟ್ಟಿ ನೀರು ಸ್ವಲ್ಪಸ್ವಲ್ಪವಾಗಿ ತೆಗೆದು ಪೂರ್ತಿ ಸರಿಹೋಗ್ಲಿ, ಆಮೇಲೆ ನೋಡೋಣ. ಮತ್ತೆ ಇನ್ಮೇಲೆ ಇವಕ್ಕೆ ನೀರು ಹಾಕೋದು ನಾನು."

"ನಾನು?" ಅಂದರು ಡಾಕ್ಟರು.

"ನೀವು ಎದುರಿಗೆ ಕೂತ್ಕೊಂಡು ನೋಡಿ. ಬಕೆಟ್ ಮಾತ್ರ ಮುಟ್ಟಬೇಡಿ."