ಬೂದಿಗುಡ್ಡದ ಪ್ರತಿ

ಇಪ್ಪತ್ತೆರಡು ಡ್ರೋನ್‌ಗಳು ಬೂದಿಗುಡ್ಡದ ಸುತ್ತ ಒಂಬತ್ತು ದಿನ ಜೇನುಹುಳುಗಳ ಹಾಗೆ ಹಾರಿ ನಲವತ್ತು ಲಕ್ಷ ಫೋಟೊ ತೆಗೆದವು. ಒಂದೇ ಬಂಡೆಯನ್ನು ಹತ್ತಾರು ಕೋನಗಳಿಂದ ನೋಡಿದರೆ ಅದರ ಉಬ್ಬು, ತಗ್ಗು, ದೂರ ಎಲ್ಲವನ್ನೂ ಲೆಕ್ಕ ಹಾಕಬಹುದು. ವಿಜ್ಞಾನಿ ನಾಗರತ್ನ ಕಟ್ಟಿಮನಿ ರೂಪಿಸಿದ ಯಂತ್ರ ಆ ಲೆಕ್ಕವನ್ನು ಮರಳಿನ ಕಣದವರೆಗೂ ಒಯ್ದಿತ್ತು. ಹತ್ತನೆಯ ದಿನ ಹೊಸಪೇಟೆಯ ಸ್ಟುಡಿಯೊ ಗೋಡೆಯ ಮೇಲೆ ಇಡೀ ಗುಡ್ಡ ಎದ್ದು ನಿಂತಿತು. ಅದು ೨೦೬೧ನೆಯ ಇಸವಿ. ಸಿನಿಮಾದವರು ಇನ್ನು ಬಿಸಿಲಲ್ಲಿ ಬೆಟ್ಟ ಹತ್ತಬೇಕಾಗಿರಲಿಲ್ಲ.

ಅದನ್ನು ಮೊದಲು ನೋಡಿದವಳು ದುರುಗವ್ವ. ಗುಡ್ಡದ ಸೀತಾಫಲ ಕಿತ್ತು ಮಾರುವ ಆಕೆಯೇ ತಂಡಕ್ಕೆ ದಾರಿ ತೋರಿಸಿದ್ದಳು.

"ಕಲ್ಲು ಕಲ್ಲಿನಂಗ ಐತಿ ಬಿಡ್ರಿ ಅಕ್ಕಾರ. ಗುಡ್ಡದಾಗಿನ ಕರಡಿ ಎಲ್ಲೈತಿ?"

"ಅಲುಗಾಡೂದನ್ನ ಯಂತ್ರ ಅಳಿಸಿಬಿಡ್ತೈತಿ, ದುರುಗವ್ವ. ನಿಂತದ್ದಷ್ಟ ಉಳೀತೈತಿ."

"ಹಂಗಾರ ನಾವೂ ಇಲ್ಲ ಅದರಾಗ."

ನಾಗರತ್ನ ನಕ್ಕಳು.

ಎರಡು ತಿಂಗಳಾಗಿತ್ತು. ಗ್ರಾನೈಟ್ ಕಂಪನಿಯೊಂದು ಬೂದಿಗುಡ್ಡವನ್ನು ಕೇಳಿಕೊಂಡು ಬಂತು. ಹೀಗೆ ಡಿಜಿಟಲ್ ಪ್ರತಿಯಾಗಿ ಪೂರ್ತಿ ದಾಖಲಾದ ನೆಲವನ್ನು ಗಣಿಗೆ ಕೊಡಬಹುದೆಂಬ ಹೊಸ ನಿಯಮ ಆಗಷ್ಟೇ ಜಾರಿಗೆ ಬಂದಿತ್ತು. ಊರಿನ ಶಾಲೆಯಲ್ಲಿ ನಡೆದ ವಿಚಾರಣೆಗೆ ನಾಗರತ್ನಳನ್ನು ಸಾಕ್ಷಿಯಾಗಿ ಕರೆಸಿದರು.

"ಒಂದೇ ಪ್ರಶ್ನೆ, ಡಾಕ್ಟರೇ," ಎಂದರು ಅಧಿಕಾರಿ. "ನಿಮ್ಮ ಪ್ರತಿ ನಿಖರವಾಗಿದೆಯೇ?"

"ಇದೆ."

"ಅಂದಮೇಲೆ ಗುಡ್ಡ ಎಲ್ಲಿಗೂ ಹೋಗುವುದಿಲ್ಲ. ಯಾರು ಬೇಕಾದರೂ ನೋಡಬಹುದು."

ಮುಂದಿನ ಬೆಂಚಿನಿಂದ ದುರುಗವ್ವ ಎದ್ದಳು. "ನೋಡಾಕ ಸಿಗತೈತಿ ಸಾಹೇಬ್ರ. ಹಣ್ಣು ಎಲ್ಲಿ ಕೀಳೂಣು?"

ಅಧಿಕಾರಿ ಒಪ್ಪಿಗೆ ಬರೆಯಲು ಪೆನ್ನು ಕೈಗೆತ್ತಿಕೊಂಡರು. ನಾಗರತ್ನಳ ಹನ್ನೊಂದು ವರ್ಷದ ದುಡಿಮೆ ಕಡೆಗೆ ಸಿಡಿಮದ್ದಿಗೆ ರಹದಾರಿಯಾಗಿ ನಿಂತಿತ್ತು. ಪ್ರತಿಯನ್ನು ಸ್ಟುಡಿಯೊಗೆ ಇನ್ನೂ ಒಪ್ಪಿಸಿರಲಿಲ್ಲ, ಹಕ್ಕು ಆಕೆಯದೇ, ಬೇರೆ ನಕಲೂ ಎಲ್ಲೂ ಇರಲಿಲ್ಲ. ಅದನ್ನು ತೋರಿಸಿಯೇ ಆಕೆ ತನ್ನ ಯಂತ್ರಕ್ಕೆ ಜಗತ್ತನ್ನು ಒಲಿಸಬೇಕಿತ್ತು.

ಲ್ಯಾಪ್‌ಟಾಪ್ ತೆರೆದು ಎಲ್ಲರ ಕಡೆ ತಿರುಗಿಸಿಟ್ಟಳು. ಗುಡ್ಡ ಮೂಡಿತು. ಅಳಿಸಲು ಆಜ್ಞೆ ಕೊಟ್ಟಳು. ಮೊದಲು ನೆತ್ತಿಯ ಬಂಡೆ ಹೋಯಿತು, ಆಮೇಲೆ ಇಳಿಜಾರು, ಕೊನೆಗೆ ನಲವತ್ತು ಲಕ್ಷ ಫೋಟೊಗಳೂ ಹೋದವು.

"ಏನು ಮಾಡಿದಿರಿ!" ಅಧಿಕಾರಿ ಕುರ್ಚಿ ಬಿಟ್ಟೆದ್ದರು.

"ಈಗ ಬೂದಿಗುಡ್ಡ ಒಂದೇ ಇದೆ ಸರ್. ಬರೆದುಕೊಳ್ಳಿ."

"ಬೇರೆಯವರು ಬಂದು ಮತ್ತೆ ಫೋಟೊ ತೆಗೆಯುತ್ತಾರೆ."

"ಬರಲಿ ಹೇಳ್ರಿ," ಎಂದಳು ದುರುಗವ್ವ. "ದಾರಿ ಯಾರು ತೋರಿಸ್ತಾರ, ನಾನೂ ನೋಡತೀನಿ."

ಸ್ಟುಡಿಯೊ ನಾಗರತ್ನಳನ್ನು ಕೈಬಿಟ್ಟಿತು. ಮತ್ತೆ ಡ್ರೋನ್ ಹಾರಿಸಲು ಗ್ರಾಮಸಭೆ ಕಂಪನಿಗೆ ಮೂರು ಸಲ ಅನುಮತಿ ನಿರಾಕರಿಸಿತು. ಗುಡ್ಡ ಸದ್ಯಕ್ಕೆ ಉಳಿಯಿತು.

ಮರುವರ್ಷ ಇನ್ನೊಂದು ಜಿಲ್ಲೆಯಿಂದ ಆಕೆಗೆ ಕೆಲಸವೊಂದು ಬಂತು. ಕ್ವಾರಿಯಲ್ಲಿ ಕರಗಿಹೋದ ಬೆಟ್ಟವೊಂದನ್ನು ಹಳೆಯ ಫೋಟೊಗಳಿಂದ ಮತ್ತೆ ಕಟ್ಟಿಕೊಡಬೇಕಿತ್ತು. ೨೦೨೫ರ ಸುಮಾರಿಗೆ ಪ್ರವಾಸಿಗರು ಮೊಬೈಲಿನಲ್ಲಿ ತೆಗೆದ ಸಾವಿರಾರು ಚಿತ್ರಗಳವು. ನಾಗರತ್ನ ಒಂದೊಂದನ್ನೇ ದಿನವಿಡೀ ನೋಡಿದಳು. ಬೆಟ್ಟ ಎಲ್ಲದರಲ್ಲೂ ಇತ್ತು, ಚೂರುಚೂರಾಗಿ, ಭುಜಗಳ ಸಂದಿಯಲ್ಲಿ. ಅದು ಇದ್ದಾಗ ಜನರೆಲ್ಲ ಅದಕ್ಕೆ ಬೆನ್ನು ಮಾಡಿ ನಿಂತು ನಗುತ್ತಿದ್ದರು.