ಕೆಂಬಾಳೆಯ ಪಥ್ಯ

“ವೈದ್ಯರು ಎಲ್ಲಿದ್ದಾರ್ರೀ? ಜಲ್ದಿ ಕರೀರಿ!”

ಕಮಲಾಪುರದ ಆ ಮನೆಯ ಮುಂದೆ ಕಲಬುರ್ಗಿಯಿಂದ ಬಂದ ಎತ್ತಿನ ಬಂಡಿ ನಿಂತಿತ್ತು. ಪಡಸಾಲೆಯಲ್ಲಿ ಅಮೃತಬಳ್ಳಿ ಜಜ್ಜುತ್ತಿದ್ದ ನೀಲಗಂಗಮ್ಮ ತಲೆ ಎತ್ತಿದಳು.

“ಅಪ್ಪ ತೀರಿಕೊಂಡು ವರ್ಷಾತ್ರಿ. ಈಗ ಔಷಧ ಕೊಡಾಕಿ ನಾನೇ.”

ಕೋಟು ತೊಟ್ಟ ತರುಣ ಅವಳನ್ನೇ ನೋಡುತ್ತ ನಿಂತ. ಅವಳೂ ನೋಡಿದಳು... ಕಣ್ಣು ತಗ್ಗಿಸಲು ಯಾಕೋ ತಡವಾಯಿತು!

ಅವನು ಜಗದೇವಪ್ಪ, ಕಲಬುರ್ಗಿಯಲ್ಲಿ ನಿಜಾಮ ಸರ್ಕಾರದ ದವಾಖಾನೆಯ ಡಾಕ್ಟರ್. ಬಂಡಿಯಲ್ಲಿ ಕೌದಿ ಹೊದ್ದು ನಡುಗುತ್ತಿದ್ದವಳು ಅವನ ತಾಯಿ ಕಸ್ತೂರಿಬಾಯಿ. ದಿನ ಬಿಟ್ಟು ದಿನ ಚಳಿಜ್ವರ. ಮಗ ಕೊಟ್ಟ ಕ್ವಿನೈನ್ ಗುಳಿಗೆ ಉಗುಳುತ್ತಿದ್ದಳು, ನುಂಗಿದರೂ ವಾಂತಿ. ಕಮಲಾಪುರದ ಔಷಧವೇ ಬೇಕೆಂದು ಹಟ ಹಿಡಿದಿದ್ದಳು.

“ಡಾಕ್ಟರ್ ಸಾಹೇಬ್ರಿಗೆ ನಮ್ಮ ಬೇರು ನಾರಿನ ಮ್ಯಾಲ ನಂಬಿಕಿ ಅದೇನ್ರೀ?”

“ಇಲ್ರೀ. ಅವ್ವನ ಮ್ಯಾಲ ಅದ.”

ನೀಲಗಂಗಮ್ಮ ನಗು ನುಂಗಿಕೊಂಡಳು. ತಾಯಿ-ಮಗನನ್ನು ಹೊರಕೋಣೆಯಲ್ಲಿ ಇಳಿಸಿ, ಶುಂಠಿ, ಅಮೃತಬಳ್ಳಿಯ ಕಷಾಯ ಕುದಿಸಿ ಕುಡಿಸಿದಳು. ಪಥ್ಯವನ್ನೂ ಹೇಳಿದಳು: ಜೋಳದ ಗಂಜಿ ಮಾತ್ರ, ಬಾಳೆಹಣ್ಣು ಮುಟ್ಟುವಂತಿಲ್ಲ.

ಆದರೆ ಎದೆಯೊಳಗೆ ಅಳುಕು. ಹೆಣ್ಣುಮಗಳ ಕೈಗೆ ನಾಡಿ ಸಿಗುತ್ತದೆಯೇ ಎಂದು ಊರು ಆಡಿಕೊಳ್ಳುತ್ತಿತ್ತು. ಈ ತಾಯಿಗೆ ಏನಾದರೂ ಆದರೆ... ಅಪ್ಪನ ಹೊಸ್ತಿಲು ಮತ್ತೆ ಯಾರೂ ತುಳಿಯಲಾರರು!

ಮರುದಿನ ಬೆಳಿಗ್ಗೆ ಗಂಜಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಜಗದೇವಪ್ಪ ಕಮಲಾಪುರದ ಕೆಂಪು ಬಾಳೆಹಣ್ಣು ಮುರಿದು ತಾಯಿಯ ಬಾಯಿಗಿಡುತ್ತಿದ್ದ!

“ಏನ್ ಮಾಡಾಕತ್ತೀರ್ರೀ? ನನ್ನ ಔಷಧ ಸೋಲ್ಲಿ ಅಂತ ಪಥ್ಯ ಮುರಿದ್ರೇನು?”

ಅವನು ಕೈಲಿದ್ದ ಉಳಿದ ತುಂಡನ್ನು ಬಿಡಿಸಿ ತೋರಿಸಿದ. ನಡುವೆ ಬೆಳ್ಳನೆಯ ಕ್ವಿನೈನ್ ಗುಳಿಗೆ.

“ಹೀಂಗಾದ್ರೂ ನುಂಗ್ಲಿ ಅಂತ... ಜ್ವರ ಬಿಟ್ರ ಹೆಸರು ನಿಮಗೇ ಬರ್ತಿತ್ತಲ್ರೀ.”

“ಕದ್ದು ಕೊಟ್ಟ ಹೆಸರು ನನಗ್ಯಾಕ?” ಅವಳ ಕಣ್ಣು ತುಂಬಿತು. “ನಿನ್ನೇನೂ ಕೊಟ್ಟೀರೇನು?”

“ಹೂಂ. ಆಶ್ಚರ್ಯ ಅಂದ್ರ, ವಾಂತಿ ಆಗ್ಲಿಲ್ಲ.”

“ಶುಂಠಿ ಕಷಾಯ ಹೊಟ್ಟಿ ಹಿಡಿದಿತ್ರೀ!”

ಅವನ ಮದ್ದನ್ನು ಅವಳದು ಒಳಗೆ ನಿಲ್ಲಿಸಿತ್ತು! ಗೊತ್ತಿಲ್ಲದೆಯೇ ಇಬ್ಬರೂ ಜೊತೆಯಾಗಿ ದುಡಿದಿದ್ದರು...

“ನಿಮಗ ಹೇಳ್ಬೇಕಿತ್ತು. ತಪ್ಪಾತ್ರಿ” ಎಂದ ಜಗದೇವಪ್ಪ ಮೆಲ್ಲಗೆ.

ಅವಳು ಒಳಗೆ ಹೋಗಿ ಬೆಲ್ಲ ತಂದಳು. “ಬಾಳೆಹಣ್ಣು ಬ್ಯಾಡ. ಇದ್ರಾಗ ಸುತ್ತಿ ಕೊಡ್ರಿ. ಮೊದಲು ನನ್ನ ಕಷಾಯ, ಆಮ್ಯಾಲ ನಿಮ್ಮ ಗುಳಿಗಿ.”

ಕೌದಿಯೊಳಗಿಂದ ದನಿ ಬಂತು: “ಕಹಿ ಬಾಳೆಹಣ್ಣು ಎಲ್ಯರ ಇರ್ತದೇನೋ ಮಗನ? ನಾನೇನು ಹುಚ್ಚಿ ಏನು? ಸಣ್ಣಂದಿನಿಂದ ನಾ ತಿನಿಸ್ದೆ. ಈಗ ನೀ ತಿನಿಸಾಕತ್ತೀದಿ ಅಂತ ನುಂಗ್ದೆ!”

ಮೂವರೂ ಬಿದ್ದು ಬಿದ್ದು ನಕ್ಕರು.

ಜ್ವರದ ಸರದಿಯ ದಿನ ಬಂತು. ಇಬ್ಬರೂ ಕಸ್ತೂರಿಬಾಯಿಯ ಆಚೀಚೆ ಕೂತು ಕಾದರು. ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು. ಚಳಿ ಬರಲೇ ಇಲ್ಲ!

“ರೊಟ್ಟಿ, ಶೇಂಗಾ ಹಿಂಡಿ ತರ್ತೀರೋ, ಹೀಂಗೇ ಮಾರಿ ನೋಡ್ತೀರೋ?” ಎಂದಳು ಕಸ್ತೂರಿಬಾಯಿ.

ಅವಳು ಪೂರ್ತಿ ಚೇತರಿಸಿಕೊಂಡ ಮೇಲೆ ಬಂಡಿ ಹೂಡಿದರು. ಜಗದೇವಪ್ಪ ಮಾತ್ರ ಹೊಸ್ತಿಲು ದಾಟಲಿಲ್ಲ. ಕೈ ಮುಂದೆ ಚಾಚಿದ.

“ನನ್ನ ನಾಡೀನೂ ಒಮ್ಮಿ ನೋಡ್ರಿ.”

ನೀಲಗಂಗಮ್ಮ ಬೆರಳಿಟ್ಟಳು. ಅಯ್ಯೋ, ಎಷ್ಟು ಜೋರು... ಅವನದೋ, ತನ್ನದೋ?

“ಇದಕ್ಕ ನಿಮ್ಮ ದವಾಖಾನಿಯಾಗ ದವಾ ಇಲ್ಲೇನ್ರೀ?”

“ಇಲ್ಲ. ನೀವು ಬಂದ್ರ ಆಗ್ತದ. ನನ್ನ ಮೇಜಿನ ಬಾಜೂಕ ನಿಮ್ಮ ಔಷಧ ಜಜ್ಜೋ ಕಲ್ಲು ಇಡ್ತೀನಿ. ಮನ್ಯಾಗೂ... ನೀವು ನನ್ನ ಜೊತಿ ಇರ್ಬೇಕು. ಒಪ್ಪಿಗಿ ಅದೇನ್ರೀ?”

ಅವಳ ಮುಖ ಕೆಂಪಾಯಿತು. “ಪಥ್ಯ ಅದ ನೋಡ್ರಿ. ನನ್ನಿಂದ ಏನೂ ಮುಚ್ಚಿಡಬಾರದು.”

“ಎಷ್ಟು ದಿನ?”

“ಜೀವ ಇರೋತನ.”

ಒಳಗೆ ಓಡಿ, ಕೆಂಪು ಬಾಳೆಹಣ್ಣೊಂದನ್ನು ತಂದು ಅವನ ಅಂಗೈಯಲ್ಲಿಟ್ಟಳು.

“ಒಳಗ ಏನು ಇಟ್ಟೀರಿ?”

“ತಿಂದು ನೋಡ್ರಿ.”

ಕಚ್ಚಿದ. ಕಣ್ಣರಳಿಸಿದ. “ಬರೇ ಸಿಹಿ ಅದ್ರೀ!”

“ಹಂಗಾದ್ರ,” ನೀಲಗಂಗಮ್ಮ ಸೆರಗಿನೊಳಗೆ ನಕ್ಕಳು, “ಹೂಂ ಅಂದಂಗ ತಿಳ್ಕೋರಿ.”