ಕರೆಯದೆ ಬಿಟ್ಟ ಬಾಗಿಲು

"ಈ ಹಗ್ಗ ಕತ್ತರಿಸಿದ್ದು ಯಾರು?"

"ನಾನೇ. ಇನ್ನೊಂದು ಕಟ್ಟು, ಅದನ್ನೂ ಕತ್ತರಿಸ್ತೀನಿ."

ಒತಿಲಿಯಾ ಮತ್ತು ಎಲಾದಿಯೋ ಮೊದಲ ಸಲ ಆಡಿಕೊಂಡ ಮಾತು ಇದು. ಲೆಮುಯ್ ದ್ವೀಪದ ಗುಡ್ಡದ ಮೇಲೆ ಅವಳ ಕೈಲಿ ಕುಡುಗೋಲು, ಅವನ ಕೈಲಿ ನಕ್ಷೆ. ಅವಳ ಎತ್ತುಗಳು ನೀರಿಗಿಳಿಯುವ ದಾರಿಗೆ ಅಡ್ಡವಾಗಿ ಪುಣ್ಯಾತ್ಮ ಅಳತೆಯ ಹಗ್ಗ ಬಿಗಿದಿದ್ದ.

'ನೋಡೋಕೇನೋ ಚೆನ್ನಾಗಿದ್ದಾನೆ... ತಲೆ ಮಾತ್ರ ಖಾಲಿ' ಅಂದುಕೊಂಡಳು.

ಖಾಲಿಯೇನೂ ಇರಲಿಲ್ಲ ಬಿಡಿ. ನಮ್ಮ ದ್ವೀಪದ ಹುಡುಗನೇ, ಪಟ್ಟಣದಲ್ಲಿ ಕಟ್ಟಡದ ವಿದ್ಯೆ ಓದಿ ಬಂದವನು. ಪ್ರವಾಸಿಗರಿಗೆ ತಂಗುಮನೆ ಮಾಡಬೇಕು, ಆದರೆ ಒಂದು ಮರ ಉರುಳಬಾರದು, ಮಣ್ಣಿಗೆ ಸಿಮೆಂಟು ಸೋಕಬಾರದು ಅನ್ನೋದು ಅವನ ಹಟ. ಕಡಲ ದಂಡೆಯಲ್ಲಿ ಪಾಳುಬಿದ್ದ ಹಳೇ ಮರದ ಮನೆಯನ್ನು ಇಡಿಯಾಗಿ ಗುಡ್ಡಕ್ಕೆ ಎಳೆದು, ಕಾಡಿನ ಅಂಚಲ್ಲಿ ಕಂಬಗಳ ಮೇಲೆ ಕೂರಿಸೋದು. ಬಿಸಿಲು ಮಳೆಗೆ ಬೂದಿಬಣ್ಣವಾದ ಅದರ ಗೋಡೆ ದೂರದಿಂದ ನೋಡಿದರೆ ಕಾಡಲ್ಲೇ ಸೇರಿಹೋಗಬೇಕು.

ಒತಿಲಿಯಾ ಅದಕ್ಕೂ ಜಗಳ ತೆಗೆದಳು. ಗಾಳಿ ಇತ್ತ ಬೀಸುತ್ತೆ, ಕಿಟಕಿ ಅತ್ತ ಇಡು ಅಂದಳು. ಅವನು ವಾದ ಮಾಡಿದ, ಸೋತ, ನಕ್ಷೆ ತಿದ್ದಿಕೊಂಡು ಮರುದಿನ ಮತ್ತೆ ಬಂದ. ಹೀಗೇ ಒಂದು ಚಳಿಗಾಲ ಕಳೆಯಿತು. ಅವನು ಬಾರದ ದಿನ ಅವಳಿಗೆ ಅನ್ನಾಹಾರ ರುಚಿಸುತ್ತಿರಲಿಲ್ಲ. ಹೌದು, ಅವನ ಮೇಲೆ ಮನಸ್ಸಾಗಿತ್ತು. ಒಂದು ಸಂಜೆ ಅವನು ಕೈ ಹಿಡಿದಾಗ ಅವಳು ಬಿಡಿಸಿಕೊಳ್ಳಲಿಲ್ಲ. ಮದುವೆಯ ಮಾತು ಮಾತ್ರ ಇಬ್ಬರೂ ಆಡಲಿಲ್ಲ.

ಆಮೇಲೆ ಬಂತು ಮಿಂಗಾ.

ಮನೆ ಎಳೆಯೋದು ಅಂದರೆ ಊರಿಗೆ ಊರೇ ಸೇರಬೇಕು. ಅದಕ್ಕೇ ಮಿಂಗಾ ಅನ್ನೋದು. ಕೂಲಿ ಇಲ್ಲ, ಹೊಟ್ಟೆ ತುಂಬ ಊಟ. ಆದರೆ ಕರೆಯುವವನು ತಾನೇ ಬಾಗಿಲು ಬಾಗಿಲಿಗೆ ಹೋಗಿ, ಟೋಪಿ ತೆಗೆದು ಬೇಡಿಕೊಳ್ಳಬೇಕು. ಯಾವ ಬಾಗಿಲು ಬಿಟ್ಟನೋ ಆ ಮನೆ ಊರಿನ ಲೆಕ್ಕಕ್ಕಿಲ್ಲ ಅಂತ ಅರ್ಥ.

ಎಲಾದಿಯೋ ಎಲ್ಲರನ್ನೂ ಕರೆದ. ಎತ್ತಿರಲಿ, ಕೋಳಿಯೂ ಇಲ್ಲದ ಮುದುಕನನ್ನೂ ಕರೆದ. ಒತಿಲಿಯಾಳ ಪಕ್ಕದ ಮನೆಯ ಹಿರಿಯಾಕೆ ದೋನ್ಯಾ ಉರ್ಬೆಲಿನಾ ಬೇಲಿಯಾಚೆಯಿಂದಲೇ ಅವಳನ್ನು ಕೇಳಿದಳು, ನಿನ್ನ ಹತ್ತಿರ ಯಾವಾಗ ಬಂದಿದ್ದ ಅಂತ.

ಒತಿಲಿಯಾಳ ಹತ್ತಿರ ಬಂದೇ ಇರಲಿಲ್ಲ!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ತೀರಿಕೊಂಡ ಮೇಲೆ ನೊಗ ಹಿಡಿದವಳು ಅವಳೇ. ಒಂಟಿ ಹೆಣ್ಣಿನ ಮನೆ ಒಂದು ಮನೆಯಾ, ಎತ್ತುಗಳನ್ನು ಚಿಕ್ಕಪ್ಪನಿಗೆ ಕೊಡಲಿ ಅಂತ ಆಡಿಕೊಳ್ಳುವವರು ಆಗಲೇ ಇದ್ದರು. ಇನ್ನು ಅವರ ಬಾಯಿಗೆ ಬೀಗ ಹಾಕೋದು ಹೇಗೆ? ಇವನು ಹೀಗೆ ಮಾಡಬಹುದಾ... ಇವನು?

ನೇರ ಅವನ ಅಂಗಳಕ್ಕೆ ನಡೆದಳು. ನಾಳೆಯ ಊಟಕ್ಕೆ ಅವನು ಆಲೂಗಡ್ಡೆ ತುರಿಯುತ್ತಾ ಕೂತಿದ್ದ.

"ನನ್ನ ಬಾಗಿಲು ಕಾಣಲಿಲ್ವಾ ನಿಂಗೆ?"

ಅವನು ನಕ್ಕ. ಆ ನಗು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

"ಮನೆಯವರನ್ನ ಯಾರಾದ್ರೂ ಬೇಡಿಕೊಳ್ತಾರಾ ಒತಿ? ಬೇಡಿಕೊಳ್ಳೋದು ನೆರೆಯವರನ್ನ. ನೀನು ನನ್ನ ಪಕ್ಕ ನಿಂತು ಬಂದವರಿಗೆ ಬಡಿಸ್ತೀಯ ಅಂದ್ಕೊಂಡಿದ್ದೆ."

ಇಷ್ಟು ದಿನ ಕಾದಿದ್ದ ಮಾತು ಇದೇ ಅಲ್ಲವಾ... ಆದರೂ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಯಾರನ್ನ ಕೇಳಿ ಅಂದ್ಕೊಂಡೆ? ನಿನ್ನ ಮನೇಲಿ ನಂಗೆ ಜಾಗ ಕೊಡೋಕೆ ನನ್ನ ಮನೇನ ಊರಿಂದಲೇ ಅಳಿಸಿಹಾಕಿದೆ. ಎರಡರಲ್ಲಿ ಒಂದನ್ನಾದ್ರೂ ನನ್ನ ಕೇಳಿದ್ಯಾ?"

ಅವನ ನಗು ಆರಿಹೋಯಿತು. ಅವಳು ತಿರುಗಿಯೂ ನೋಡದೆ ಹೊರಟುಬಂದಳು, ದಾರಿಯುದ್ದಕ್ಕೂ ಅತ್ತಳು.

ಬೆಳಗಾಯಿತು. ದಂಡೆಯಲ್ಲಿ ಮನೆ ದಿಮ್ಮಿಗಳ ಮೇಲೆ ಸಿದ್ಧವಾಗಿ ನಿಂತಿತ್ತು, ಎತ್ತುಗಳಿಗೆ ನೊಗ ಕಟ್ಟಿಯಾಗಿತ್ತು. ಎಲಾದಿಯೋ ಅಷ್ಟೂ ಜನರನ್ನು ಕಾಯಲು ಬಿಟ್ಟು ಗುಡ್ಡ ಹತ್ತತೊಡಗಿದ. ತಮಾಷೆ ಬಿಟ್ಟಾರೆಯೇ ನಮ್ಮ ಜನ? ಅರ್ಧ ಊರು ಹಿಂದೆಯೇ ಬಂತು.

ಒತಿಲಿಯಾಳ ಬಾಗಿಲ ಮುಂದೆ ನಿಂತು ಟೋಪಿ ತೆಗೆದ.

"ಈ ಮನೆಯ ಯಜಮಾನಿ ಹತ್ರ ಬೇಡ್ಕೊಳ್ಳೋಕೆ ಬಂದಿದ್ದೀನಿ. ಮೊದಲೇ ಬರಬೇಕಿತ್ತು, ತಪ್ಪಾಯ್ತು. ನಿಮ್ಮ ಎತ್ತು, ನಿಮ್ಮ ಕೈ ನಂಗೆ ಬೇಕು."

ಅವಳು ಅವನನ್ನು ಸುಮ್ಮನೆ ನಿಲ್ಲಿಸಿದಳು. ನಿಲ್ಲಲಿ, ಎಲ್ಲರೂ ನೋಡಲಿ!

"ನನ್ನ ಜೋಡಿ ಎಲ್ಲಕ್ಕಿಂತ ಮುಂದಿನ ನೊಗಕ್ಕೆ" ಅಂದಳು.

"ಅಲ್ಲೇ."

ಮಧ್ಯಾಹ್ನದ ಹೊತ್ತಿಗೆ ಮನೆ ಗುಡ್ಡ ಹತ್ತಿ ಕಾಡಿನ ಅಂಚಿಗೆ ಬಂದು ನಿಂತಿತು. ಮುಂದೆ ನಿಂತು ಎಳೆಸಿದವಳು ಒತಿಲಿಯಾ. ಚಿಕ್ಕಪ್ಪನ ಕಡೆಯವರು ಕಮಕ್ ಕಿಮಕ್ ಅನ್ನಲಿಲ್ಲ.

ಊಟಕ್ಕೆ ಅವಳು ಅತಿಥಿಗಳ ಬೆಂಚಿನಲ್ಲೇ ಗಟ್ಟಿಯಾಗಿ ಕೂತಳು. ಎಲಾದಿಯೋ ಬೆವರೊರೆಸಿಕೊಳ್ಳುತ್ತಾ ಒಬ್ಬನೇ ಬಡಿಸುತ್ತಾ ಬಂದು, ಅವಳೆದುರು ನಿಂತ. ಅವಳ ತಟ್ಟೆಗೆ ಬಡಿಸಿದ.

"ನಿನ್ನೆ ಅಂದ್ಕೊಂಡೆ ಅಂದ್ನಲ್ಲ... ಇವತ್ತು ಕೇಳ್ತಿದ್ದೀನಿ. ನನ್ನ ಮದುವೆ ಆಗ್ತೀಯಾ? ನೊಗ ನಿನ್ನ ಕೈಲೇ ಇರುತ್ತೆ. ಆಗಲ್ಲ ಅಂದ್ರೂ ಮುಂದಿನ ಮಿಂಗಾಕ್ಕೆ ಮೊದಲು ಬರೋದು ನಿನ್ನ ಬಾಗಿಲಿಗೇ."

ಬೆಂಚಿನ ಮೇಲೆ ಯಾರೂ ಅಗಿಯುತ್ತಿರಲಿಲ್ಲ. ಅವಳು ತನ್ನ ತಟ್ಟೆ ಖಾಲಿಯಾಗುವವರೆಗೂ ನಿಧಾನವಾಗಿ ಉಂಡಳು. ಆಮೇಲೆ ಎದ್ದಳು.

"ಏನು ಕಂಬದ ಹಾಗೆ ನಿಂತಿದ್ದೀಯ? ನಮ್ಮನೆಗೆ ಬಂದೋರು ಹಸಿದು ಕೂತಿದ್ದಾರೆ."

"ಒತಿ... ಅಂದ್ರೆ..."

"ಅಂದ್ರೆ ಆ ಸೌಟು ಇಲ್ಲಿ ಕೊಡು. ನೀನು ರೊಟ್ಟಿ ಹಂಚು."